ಮಕ್ಕಳ ಓದಿಗೆಂದು ಶಿವಮೊಗ್ಗದಲ್ಲಿ ಮನೆ ಮಾಡುವುದೇ, ಬೇಡವೇ?

ಹುಲಿಕಲ್ ತಪ್ಪಲಿನವ:

ಹೊಸನಗರ ತಾಲ್ಲೂಕಿನವನು ನಾನು. ಎರಡೂವರೆ ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ. ಮಗಳು ನಾಲ್ಕನೆಯ ತರಗತಿ ಮುಗಿಸುತ್ತಿದ್ದಾಳೆ, ಮಗ ಈ ವರ್ಷ ಒಂದನೆಯದಕ್ಕೆ ಸೇರಿದ್ದಾನೆ. ಇಬ್ಬರೂ ಊರಿನ ಸರ್ಕಾರಿ ಶಾಲೆ. ಅಲ್ಲಿ ಈಗ ಇರುವುದು ಒಟ್ಟು ಹದಿನೇಳು ಮಕ್ಕಳು.

ಊರಿನ ಅರ್ಧದಷ್ಟು ಮನೆಗಳಲ್ಲಿ ಅಪ್ಪ, ಅಜ್ಜ, ಅಜ್ಜಿ ಮಾತ್ರ ಉಳಿದಿದ್ದಾರೆ. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಬಾಡಿಗೆ ಮನೆಯಲ್ಲಿ ಇರುತ್ತಾಳೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ ಪಾಯಸ ಬರುವ ಮೊದಲೇ ಪಕ್ಕದವರ ಪ್ರಶ್ನೆ ಬರುತ್ತದೆ: "ಮಕ್ಕಳು ಇನ್ನೂ ಊರಿನ ಶಾಲೆಯಲ್ಲೇ?" ಉತ್ತರ ಕೊಡುವಾಗ ಮಕ್ಕಳನ್ನು ಕಾಡಿಗೆ ಬಿಟ್ಟು ಬಂದವನ ಹಾಗೆ ತಲೆ ತಗ್ಗಿಸಬೇಕಾಗುತ್ತದೆ.

ನನ್ನ ಕಷ್ಟ ಹೀಗಿದೆ. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ಎಲೆಚುಕ್ಕೆ ರೋಗ ಬಂದ ಮೇಲೆ ತೋಟದ ಇಳುವರಿಯನ್ನು ನಂಬಿ ಎರಡು ಒಲೆ ಹೊತ್ತಿಸುವುದಕ್ಕೆ ಧೈರ್ಯ ಬರುತ್ತಿಲ್ಲ. ಹಾಗೆಂದು ಮಗಳ ಓದನ್ನು ತೂಗಿ ನೋಡುತ್ತಾ ಕೂರಲೂ ಆಗುತ್ತಿಲ್ಲ. ಚುರುಕು ಹುಡುಗಿ. ಶಾಲೆಯಲ್ಲಿ ಒಬ್ಬರು ಕಾಯಂ ಶಿಕ್ಷಕಿ, ಇನ್ನೊಬ್ಬರು ಅತಿಥಿ ಶಿಕ್ಷಕರು. ಅತಿಥಿಗಳು ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಬರುತ್ತಾರೆ.

ಹೀಗೆ ಮನೆ ಮಾಡಿದವರು, ಮಾಡಿ ವಾಪಸು ಬಂದವರು, ಮಾಡದೆಯೇ ಉಳಿದವರು ಯಾರಾದರೂ ಇದ್ದರೆ ಹೇಳಿ. ಉಪದೇಶ ಬೇಡ, ಅದು ನೆಂಟರ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತಿದೆ.

ವಿನೋಬನಗರದ ಬಾಡಿಗೆದಾರಳು:

ನಾನು ಆ ಬಾಡಿಗೆ ಮನೆಯ ಅಮ್ಮಂದಿರಲ್ಲಿ ಒಬ್ಬಳು. ತೀರ್ಥಹಳ್ಳಿ ಕಡೆಯವಳು. ಮಗ ಆರನೆಯ ತರಗತಿಗೆ ಸೇರುವಾಗ ಶಿವಮೊಗ್ಗಕ್ಕೆ ಬಂದೆ, ಈಗ ಅವನು ಪಿಯುಸಿ. ಶಾಲೆ ಚೆನ್ನಾಗಿತ್ತು, ಅಂಕಗಳೂ ಬಂದವು. ಅದರ ಬಗ್ಗೆ ದೂರಿಲ್ಲ.

ಯಾರೂ ಮೊದಲೇ ಹೇಳದ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿನಲ್ಲಿದ್ದಾಗ ನನಗೆ ಕೊಟ್ಟಿಗೆ, ಕೆಲಸದವರ ಊಟ, ಅಡಿಕೆ ಒಣಗಿಸುವುದು, ಬಂದು ಹೋಗುವವರು ಎಂದು ನೂರೆಂಟು ಕೆಲಸ. ಮಗ ಅದರ ನಡುವೆ ತಾನಾಗಿ ಬೆಳೆಯುತ್ತಿದ್ದ. ಇಲ್ಲಿಗೆ ಬಂದ ಮೇಲೆ ನನ್ನ ಕೆಲಸ ಅವನೊಬ್ಬನೇ. ಬೆಳಿಗ್ಗೆ ಎಂಟೂವರೆಗೆ ಅವನು ಹೊರಟರೆ ಸಂಜೆ ನಾಲ್ಕೂವರೆಯವರೆಗೆ ಎರಡು ಕೋಣೆಯ ಮನೆಯಲ್ಲಿ ನಾನು. ಅವನು ಬಂದು ಚೀಲ ಇಳಿಸುವಷ್ಟರಲ್ಲಿ ನಾನು ಡೈರಿ ತೆಗೆದು ನೋಡುತ್ತಿರುತ್ತಿದ್ದೆ. ಒಂದು ದಿನ ಅವನೇ ಹೇಳಿದ, "ಅಮ್ಮಾ, ನೀನು ಊರಿಗೆ ಹೋಗಿ ಅಡಿಕೆಯನ್ನು ನೋಡಿಕೊ, ನನ್ನನ್ನು ನೋಡುವುದು ಸಾಕು." ನಗುತ್ತಲೇ ಹೇಳಿದ್ದ.

ಇನ್ನು ಮಗನ ತಂದೆ. ಶನಿವಾರ ರಾತ್ರಿ ಕೊನೆಯ ಬಸ್ಸಿಗೆ ಬರುತ್ತಾರೆ. ಕೈಯಲ್ಲಿ ತೆಂಗಿನಕಾಯಿ, ಬಾಳೆಗೊನೆಯ ಒಂದು ಚಿಪ್ಪು, ಮಜ್ಜಿಗೆಯ ಕ್ಯಾನು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕೆಸುವಿನ ಸೊಪ್ಪು. ಭಾನುವಾರ ಮಧ್ಯಾಹ್ನ ಊಟ ಮಾಡಿ ಹೊರಡುತ್ತಾರೆ. ವಾರಕ್ಕೊಮ್ಮೆ ಬರುವ ಅಪ್ಪ ಮಕ್ಕಳನ್ನು ಗದರುವುದಿಲ್ಲ, ಗದರಲು ಮನಸ್ಸು ಬರುವುದಿಲ್ಲ. ಹಾಗಾಗಿ ಗದರುವ ಪಾಲೆಲ್ಲ ನನ್ನದು, ಮಸಾಲೆದೋಸೆ ಕೊಡಿಸುವ ಪಾಲು ಅವರದು.

ಬರಬೇಡಿ ಎನ್ನುತ್ತಿಲ್ಲ. ಬರುವುದಾದರೆ ನಿಮ್ಮ ಮನೆಯವರಿಗೆ ಹಗಲು ಹೊತ್ತಿನಲ್ಲಿ ಏನು ಕೆಲಸ ಎಂಬುದನ್ನು ಶಾಲೆ ಹುಡುಕುವುದಕ್ಕಿಂತ ಮೊದಲು ಹುಡುಕಿ.

ಮಣ್ಣಿನ ಮಗ ಬೆಂಗಳೂರು:

ಅಣ್ಣ, ದಯವಿಟ್ಟು ಊರು ಬಿಡಬೇಡಿ. ನಮ್ಮ ಮಕ್ಕಳು ಇಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿ ಬೆಳೆಯುತ್ತಿದ್ದಾರೆ. ನಿಮ್ಮ ಮಕ್ಕಳಿಗೆ ಹೊಳೆ, ಕಾಡು, ಹಕ್ಕಿ, ಶುದ್ಧ ಗಾಳಿ ಎಲ್ಲವೂ ಅಂಗಳದಲ್ಲೇ ಇದೆ. ಇದಕ್ಕಿಂತ ದೊಡ್ಡ ಶಾಲೆ ಯಾವುದಿದೆ?

ಸೊರಬದ ಆಶಾ:

ಮಣ್ಣಿನ ಮಗ ಅವರೇ, ಜುಲೈ ತಿಂಗಳಲ್ಲಿ ಒಮ್ಮೆ ಬಂದು ಹೋಗಿ. ಒದ್ದೆ ಸಮವಸ್ತ್ರವನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಬೆಳಿಗ್ಗೆ ಹೊಗೆ ವಾಸನೆಯ ಸಮೇತ ಮಗುವಿಗೆ ತೊಡಿಸಿ, ಕಾಲ್ಬೆರಳಿನ ಸಂದಿಯಿಂದ ಉಂಬಳ ಕಿತ್ತು ಸುಣ್ಣ ಹಚ್ಚಿ ಶಾಲೆಗೆ ಕಳುಹಿಸಿದ ಮೇಲೆ ಶುದ್ಧ ಗಾಳಿಯ ಬಗ್ಗೆ ಮಾತಾಡೋಣ.

ನಾನು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಈ ಕಾಯಿಲೆ ಹರಡುವ ಉಣ್ಣೆ ಹುಳುಗಳ ಕಾಲ. ಆ ತಿಂಗಳುಗಳಲ್ಲಿ ದರಗು (ಒಣ ಎಲೆ) ತರುವುದಕ್ಕೆ, ಸೌದೆಗೆ, ದನ ಹುಡುಕುವುದಕ್ಕೆ ಎಂದು ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ ಎಂದು ಮನೆ ಮನೆಗೆ ಹೇಳಿಕೊಂಡು ಬರುತ್ತೇನೆ. ದೊಡ್ಡವರು ಹೋಗಲೇಬೇಕಿದ್ದರೆ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಬೇರೆಯಾಗಿ ನೆನೆಸಬೇಕು. ಜ್ವರ, ತಲೆ ಸಿಡಿತ, ಮೈಕೈ ನೋವು ಒಟ್ಟಿಗೆ ಬಂದರೆ ಕಷಾಯ ಕುಡಿಸಿಕೊಂಡು ಕೂರದೆ ಆಸ್ಪತ್ರೆಗೆ ಬರಬೇಕು. ತೋಟದ ಮನೆಯಲ್ಲಿ ಮಕ್ಕಳನ್ನು ಬೆಳೆಸುವುದು ಎಂದರೆ ಇದೆಲ್ಲ ಸೇರಿಯೇ.

ಹಾಗೆಂದು ನನ್ನ ಮಕ್ಕಳು ಊರಿನ ಶಾಲೆಯಲ್ಲೇ ಓದುತ್ತಿದ್ದಾರೆ. ಊರು ಬಿಡಬೇಡಿ ಎಂದು ಬೆಂಗಳೂರಿನಿಂದ ಹೇಳುವವರ ಮಾತಿಗೆ ಮಾತ್ರ ನನಗೆ ಮೈ ಉರಿಯುತ್ತದೆ.

ಮಣ್ಣಿನ ಮಗ ಬೆಂಗಳೂರು:

ಒಪ್ಪಿಕೊಂಡೆ ಅಕ್ಕಾ. ಸುಮ್ಮನಿರುತ್ತೇನೆ.

ನಿವೃತ್ತ ಮೇಷ್ಟ್ರು:

ಮಗಳು ನಾಲ್ಕನೆಯ ತರಗತಿ ಮುಗಿಸುತ್ತಿದ್ದಾಳೆ ಎಂದಿರಿ. ಹಾಗಾದರೆ ಶಿವಮೊಗ್ಗದ ಬಾಡಿಗೆ ಮನೆಗಿಂತ ಮೊದಲು ಗಾಜನೂರಿನ ಜವಾಹರ ನವೋದಯ ವಿದ್ಯಾಲಯವನ್ನು ಯೋಚಿಸಿ. ಆರನೆಯ ತರಗತಿಗೆ ಪ್ರವೇಶ. ಐದನೆಯ ತರಗತಿ ಓದುವ ವರ್ಷದಲ್ಲಿ ಅರ್ಜಿ ಹಾಕಬೇಕು, ಒಂದೇ ಅವಕಾಶ, ಮರುವರ್ಷ ಮತ್ತೆ ಬರೆಯುವಂತಿಲ್ಲ. ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ, 25 ಗಣಿತಕ್ಕೆ, 25 ಭಾಷೆಗೆ. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಗ್ರಾಮೀಣ ಕೋಟಾ ಬೇಕೆಂದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಒಳ್ಳೆಯ ತಯಾರಿ ಆಗಲಿ ಎಂದು ಐದನೆಯದಕ್ಕೆ ಶಿವಮೊಗ್ಗದ ಶಾಲೆಗೆ ಹಾಕಿ, ಆ ಕೋಟಾವನ್ನೇ ಕೈಯಾರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಏನೇ ಮಾಡಿ, ಈ ಒಂದು ವರ್ಷ ಅವಳನ್ನು ಊರಿನ ಶಾಲೆಯಿಂದ ಕದಲಿಸಬೇಡಿ.

ಹದಿನೇಳು ಮಕ್ಕಳು ಎಂದು ಮುಖ ಸಣ್ಣದು ಮಾಡಿಕೊಳ್ಳುವುದೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಅತಿಥಿ ಶಿಕ್ಷಕರು ತಡವಾಗಿ ಬರುತ್ತಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ಊರಿನಲ್ಲಿ ಉಳಿದ ತಂದೆತಾಯಿಯರೂ ಶಾಲೆಯ ಕಡೆ ತಲೆ ಹಾಕದಿದ್ದರೆ ಹದಿನೇಳು ಹತ್ತಾಗುತ್ತದೆ.

ಹಿನ್ನೀರಿನ ಆಚೆಯವಳು:

ತುಮರಿ ಕಡೆಯವಳು. ನಮ್ಮಲ್ಲಿ ಇದು ಆಯ್ಕೆಯ ಮಾತೇ ಆಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ನಾವು ನೀರಿನ ಆಚೆ ಉಳಿದವರು. ಸಾಗರಕ್ಕೆ ಹೋಗಬೇಕಾದರೆ ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮಕ್ಕಳು ಆ ದಡದಲ್ಲೇ ಉಳಿಯಬೇಕು. ಹಾಗಾಗಿ ಕಾಲೇಜು ಎಂದರೆ ಸಾಗರದಲ್ಲಿ ಹಾಸ್ಟೆಲು, ಇಲ್ಲದಿದ್ದರೆ ಕೋಣೆ. ನನ್ನ ಮಗಳನ್ನು ಹಾಗೆಯೇ ಬಿಟ್ಟು ಬಂದಿದ್ದೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಈಗ ಮಗ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾನೆ.

ಒಂದೇ ಮನೆ, ಎರಡು ಮಕ್ಕಳು, ಎರಡು ರೀತಿ. ಮಗಳು ಹದಿನಾರಕ್ಕೇ ಬ್ಯಾಂಕಿನ ಚಲನ್ ತುಂಬುವುದು, ಡಾಕ್ಟರ ಹತ್ತಿರ ಒಬ್ಬಳೇ ಹೋಗುವುದು, ಹಾಸ್ಟೆಲಿನಲ್ಲಿ ಜಗಳವಾಡಿ ರಾಜಿಯಾಗುವುದು ಎಲ್ಲ ಕಲಿತಳು. ಮಗನಿಗೆ ಇನ್ನೂ ತಟ್ಟೆ ಎತ್ತಿಡು ಎಂದು ಹೇಳಬೇಕು. ಆದರೆ ಮಗಳು ಈಗಲೂ ಏನಾದರೂ ಕಷ್ಟ ಬಂದರೆ ಎಲ್ಲ ಮುಗಿದ ಮೇಲೆ ಫೋನ್ ಮಾಡುತ್ತಾಳೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗುವುದಿಲ್ಲ.

ಅಡಿಕೆ ಮಂಡಿ ಗುಮಾಸ್ತ:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ? ನಮ್ಮ ಮಗ ಒಂಬತ್ತನೆಯ ತರಗತಿ. ಮನೆಯಿಂದ ಬಸ್ ನಿಲ್ದಾಣಕ್ಕೆ ನಾಲ್ಕು ಕಿಲೋಮೀಟರ್. ತಾನೇ ಸ್ಕೂಟರಿನಲ್ಲಿ ಹೋಗಿ, ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ನಿಲ್ಲಿಸಿ, ಬಸ್ ಹಿಡಿಯುತ್ತಾನೆ. ಹಳ್ಳಿ ರಸ್ತೆ, ಯಾರು ಕೇಳುತ್ತಾರೆ?

ನಿವೃತ್ತ ಮೇಷ್ಟ್ರು:

ಕೇಳುವವರು ಬಂದ ದಿನ ನೀವೇ ನಿಲ್ಲಬೇಕಾಗುತ್ತದೆ ಸ್ವಾಮಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ತಂದೆತಾಯಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ದಂಡದ ಮಾತು ಹಾಗಿರಲಿ, ಮಳೆಗಾಲದಲ್ಲಿ ಪಾಚಿ ಕಟ್ಟಿದ ತಿರುವಿನಲ್ಲಿ ಎದುರಿಗೆ ಮರಳಿನ ಲಾರಿ ಬಂದರೆ ಹದಿನಾಲ್ಕರ ಹುಡುಗ ಬ್ರೇಕ್ ಒತ್ತುವುದು ಹೇಗೆ ಎಂದು ಯೋಚಿಸಿ. ಸೈಕಲ್ ಕೊಡಿಸಿ.

ದೊಡ್ಡಪ್ಪನ ಮನೆಯಲ್ಲಿ ಓದಿದವನು:

ಎಲ್ಲರೂ ಹಾಸ್ಟೆಲು, ಬಾಡಿಗೆ ಮನೆ ಎನ್ನುತ್ತಿದ್ದೀರಿ. ಮೂರನೆಯ ದಾರಿಯೊಂದು ಮಲೆನಾಡಿನಲ್ಲಿ ಮೊದಲಿನಿಂದ ಇದೆ, ನೆಂಟರ ಮನೆ. ಯಾರಾದರೂ ನಿಮಗೆ "ನಮ್ಮ ಮನೆಯಲ್ಲೇ ಬಿಡಿ, ನಮ್ಮ ಮಕ್ಕಳ ಜೊತೆ ಒಂದಾಗಿ ಇರುತ್ತಾಳೆ" ಎಂದು ಹೇಳಿಯೇ ಹೇಳುತ್ತಾರೆ.

ಏಳರಿಂದ ಹತ್ತನೆಯ ತರಗತಿಯವರೆಗೆ ನಾನು ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಮ್ಮ ದೇವರಂಥವರು. ಒಂದು ದಿನವೂ ಒಂದು ಮಾತು ಆಡಲಿಲ್ಲ. ಆದರೂ ಎರಡನೆಯ ಸಲ ಸಾರು ಬೇಕೆನಿಸಿದಾಗ ಮೊದಲು ಪಾತ್ರೆಯ ತಳ ಎಷ್ಟು ಕಾಣುತ್ತಿದೆ ಎಂದು ನೋಡಿ ಆಮೇಲೆ ಕೇಳುವ ಅಭ್ಯಾಸ ನನಗೆ ಹತ್ತಿತು. ಅದು ಇಂದಿಗೂ ಹೋಗಿಲ್ಲ, ನನ್ನದೇ ಮನೆಯಲ್ಲಿ, ನನ್ನದೇ ಹೆಂಡತಿಯ ಎದುರಿಗೂ. ಹಾಸ್ಟೆಲಿನ ಹುಡುಗ ಕನಿಷ್ಠ ಅಡುಗೆಯವರ ಮೇಲೆ ರೇಗಬಹುದು. ನೆಂಟರ ಮನೆಯ ಹುಡುಗನಿಗೆ ಆ ಸ್ವಾತಂತ್ರ್ಯವೂ ಇಲ್ಲ.

ಕಳುಹಿಸಲೇಬೇಕಾದರೆ ಅಕ್ಕಿ, ಕಾಯಿ, ತಿಂಗಳಿಗೆ ಇಷ್ಟು ಹಣ ಎಂದು ಮಗುವಿನ ಎದುರಿಗೇ ಕೊಡಿ. ನನ್ನ ಅಪ್ಪ ವರ್ಷಕ್ಕೆ ಎರಡು ಮೂಟೆ ಅಕ್ಕಿ ಕೊಡುತ್ತಿದ್ದರು. ಅದು ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ. ಆಗಲೇ ತಿಳಿದಿದ್ದರೆ ಎಷ್ಟೋ ಸಲ ಸಾರು ಕೇಳುತ್ತಿದ್ದೆ.

ಸಾಗರದ ಸೊಸೆ:

ನನ್ನ ಅತ್ತೆ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಓದಿಸಿಕೊಂಡರು. ಅವರ ಮಾತನ್ನು ಬರೆಯುತ್ತೇನೆ.

"ನಾವು ಮಕ್ಕಳನ್ನು ಬೆಳೆಸಿದೆವು ಎಂದು ಯಾವತ್ತೂ ಅಂದುಕೊಳ್ಳಲಿಲ್ಲ. ಅವು ಬೆಳೆದವು. ಆ ಕಾಲಕ್ಕೆ ಮನೆಯಲ್ಲಿ ಇಪ್ಪತ್ತು ಜನ, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು. ಈಗ ಒಬ್ಬಳೇ ತಾಯಿ ಇಪ್ಪತ್ತು ಜನರ ಕಣ್ಣಾಗಬೇಕು ಎಂದರೆ ಅವಳೂ ಸೋಲುತ್ತಾಳೆ, ಮಗುವಿಗೂ ಉಸಿರು ಕಟ್ಟುತ್ತದೆ. ಆ ಹುಡುಗನಿಗೆ ಹೇಳು, ತಾಯಿಯ ಮಂಡಿ ನೋವಿಗಾಗಿ ಹೆಂಡತಿಯನ್ನು ಊರಿನಲ್ಲಿ ಇಟ್ಟುಕೊಳ್ಳುವುದು ಬೇಡ. ಮಂಡಿ ಇರುವುದೇ ನೋಯುವುದಕ್ಕೆ."

ನನಗೆ ಆಶ್ಚರ್ಯವಾಯಿತು. ನಮ್ಮ ಮನೆಯ ವಿಚಾರದಲ್ಲಿ ಅವರು ಇಷ್ಟು ಉದಾರವಾಗಿ ಮಾತಾಡಿದ್ದು ನೆನಪಿಲ್ಲ. ಇದನ್ನು ಮಾತ್ರ ಅವರಿಗೆ ಓದಿ ಹೇಳುವುದಿಲ್ಲ.

ಹುಲಿಕಲ್ ತಪ್ಪಲಿನವ:

ಎಲ್ಲರಿಗೂ ನಮಸ್ಕಾರ. ಇದು ಅವರಲ್ಲ, ಅವರ ಹೆಂಡತಿ ಬರೆಯುತ್ತಿರುವುದು. ರಾತ್ರಿ ಫೋನನ್ನು ನನ್ನ ಕೈಗೆ ಕೊಟ್ಟು ಓದು ಎಂದರು. ಓದಿದೆ. ಮಗಳ ಓದು, ಅತ್ತೆಯ ಮಂಡಿ, ಅಡಿಕೆಯ ರೋಗ ಎಲ್ಲದರ ಬಗ್ಗೆಯೂ ಅವರು ಬರೆದಿದ್ದಾರೆ. ಹೋಗಿ ಇರಬೇಕಾದವಳು ಏನು ಹೇಳುತ್ತಾಳೆ ಎಂದು ಒಂದು ಸಾಲು ಇಲ್ಲ. ವಿನೋಬನಗರದ ಅಕ್ಕ ಮತ್ತು ಸಾಗರದ ಅಮ್ಮ ಮಾತ್ರ ಆ ಹೆಂಗಸಿನ ಸುದ್ದಿ ಎತ್ತಿದರು.

ನಾನು ಬಿ.ಕಾಂ ಓದಿದವಳು, ಶಿವಮೊಗ್ಗದಲ್ಲೇ. ಮದುವೆಗೆ ಮೊದಲು ಒಬ್ಬ ಆಡಿಟರ ಬಳಿ ಸ್ವಲ್ಪ ಕಾಲ ಕೆಲಸ ಮಾಡಿದ್ದೆ. ಈಗ ಮನೆಯ ಲೆಕ್ಕ, ಕೆಲಸದವರ ಲೆಕ್ಕ, ಸೊಸೈಟಿಯ ಸಾಲ ಎಲ್ಲ ನಾನೇ ಬರೆಯುವುದು. ಮಗಳ ಓದಿಗೆಂದು ಶಿವಮೊಗ್ಗದಲ್ಲಿ ಎರಡು ಕೋಣೆಯಲ್ಲಿ ಕೂರುವುದಕ್ಕೆ ನನಗೆ ಮನಸ್ಸಿಲ್ಲ. ನನಗೊಂದು ಕೆಲಸ ಸಿಕ್ಕಿ, ಅದರ ಜೊತೆಗೆ ಮಗಳ ಓದೂ ಆಗುವುದಾದರೆ ನಾಳೆಯೇ ಹೊರಡುತ್ತೇನೆ. ಈ ಎರಡೂ ಬೇರೆ ಬೇರೆ ಎಂದು ಇವರಿಗೆ ಹೇಳಿದ್ದೆ. ಆಗ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ, ಕಿವಿಗೆ ಬೀಳಲಿಲ್ಲ.

ಇನ್ನೊಂದು ಮಾತು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಹತ್ತು ಹನ್ನೆರಡು ಜನ ಕುಳಿತಿರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು ಎಂದು ಬರೆಯುವ ಕೆಲಸ ನನ್ನ ಮಗಳದು. ಹಳೆಯ ನೋಟುಪುಸ್ತಕದಲ್ಲಿ ಹೆಸರುಗಳು, ಹೆಸರಿನ ಮುಂದೆ ಗೀಟು, ನಾಲ್ಕು ಗೀಟಿನ ಮೇಲೆ ಅಡ್ಡ ಒಂದು. ಯಾರಾದರೂ ಡಬ್ಬವನ್ನು ತಲೆತಟ್ಟಾಗಿ ತುಂಬದಿದ್ದರೆ "ಇದು ಮುಕ್ಕಾಲು" ಎಂದು ವಾಪಸು ಕಳುಹಿಸುತ್ತಾಳೆ. ಒಮ್ಮೆ ತನ್ನ ಅಜ್ಜನ ಡಬ್ಬವನ್ನೇ ವಾಪಸು ಕಳುಹಿಸಿದಳು, ಅಂಗಳವೆಲ್ಲ ನಕ್ಕಿತು. ಒಂಬತ್ತು ಗಂಟೆಗೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಮಲಗುತ್ತಾಳೆ. ಶಿವಮೊಗ್ಗದ ಮನೆಯಲ್ಲಿ ಅವಳಿಗೆ ಇಂಥ ಯಾವ ಕೆಲಸ ಕೊಡಲಿ ಎಂದು ನಾನು ಯೋಚಿಸುತ್ತಿದ್ದೇನೆ. ಟ್ಯೂಷನ್ ಬಗ್ಗೆ ಅಷ್ಟು ಯೋಚನೆಯಿಲ್ಲ.

ನಿವೃತ್ತ ಮೇಷ್ಟ್ರು:

ಸಂತೋಷವಾಯಿತು ಕಣಮ್ಮ. ಮುಕ್ಕಾಲು ಡಬ್ಬ ಹಿಡಿಯುವ ಹುಡುಗಿಗೆ ನವೋದಯದ ಭಿನ್ನರಾಶಿ ಲೆಕ್ಕ ಕಷ್ಟವಾಗದು. ಕಾನೂನು ಎಂದು ಯಾರಾದರೂ ಹೆದರಿಸಿದರೆ, 14ರೊಳಗಿನ ಮಕ್ಕಳು ಶಾಲೆ ಮುಗಿದ ಮೇಲೆ ಸ್ವಂತ ಮನೆಯ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸುವುದಕ್ಕೆ 2016ರ ತಿದ್ದುಪಡಿಯಲ್ಲೇ ಅವಕಾಶವಿದೆ. ಮೆಟ್ಟುಗತ್ತಿಯ ಹತ್ತಿರ ಮಾತ್ರ ಕೂರಿಸಬೇಡಿ.

ವಿನೋಬನಗರದ ಬಾಡಿಗೆದಾರಳು:

ತಂಗೀ, ನಿನ್ನ ಮಾತನ್ನು ಎರಡು ಸಲ ಓದಿದೆ. ಬಿ.ಕಾಂ ಓದಿ, ಲೆಕ್ಕ ಬರೆದು ಅಭ್ಯಾಸವಿದ್ದರೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಅಡಿಕೆ ಮಂಡಿಗಳಲ್ಲಿ, ಆಡಿಟರುಗಳ ಬಳಿ, ಆಸ್ಪತ್ರೆಗಳ ಬಿಲ್ಲಿಂಗಿನಲ್ಲಿ ಕೇಳಿನೋಡಬಹುದು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಒಂದು ಕಲಿತುಕೊ. ಸಂಬಳ ದೊಡ್ಡದಿರುವುದಿಲ್ಲ, ಬಾಡಿಗೆಗೆ ಸಾಕಾದರೆ ಹೆಚ್ಚು. ಆದರೆ ಸಂಜೆ ಮಗಳು ಮನೆಗೆ ಬರುವಾಗ ನೀನೂ ಹೊರಗಿನಿಂದ ಬಂದಿರುತ್ತೀಯ, ಇಬ್ಬರಿಗೂ ಹೇಳಿಕೊಳ್ಳುವುದಕ್ಕೆ ಏನಾದರೂ ಇರುತ್ತದೆ. ನಾನು ಕಳೆದ ವರ್ಷದಿಂದ ಒಂದು ಸ್ಟೇಷನರಿ ಅಂಗಡಿಗೆ ಅರ್ಧ ದಿನ ಹೋಗುತ್ತಿದ್ದೇನೆ. ಮಗನೇ ಈಗ "ಇವತ್ತು ಅಂಗಡಿಯಲ್ಲಿ ಏನಾಯಿತು" ಎಂದು ಕೇಳುತ್ತಾನೆ.

ಸೊರಬದ ಆಶಾ:

ನವೋದಯ ಸಿಕ್ಕಿದರೆ ಹತ್ತು ಹನ್ನೊಂದರ ಕೂಸನ್ನು ಹಾಸ್ಟೆಲಿಗೆ ಬಿಡುತ್ತೀರಾ? ಅದನ್ನು ಇಲ್ಲಿ ಯಾರೂ ಕೇಳಲಿಲ್ಲ. ಆ ವಯಸ್ಸಿಗೆ ಹೆಣ್ಣುಮಕ್ಕಳ ಮೈಯಲ್ಲಿ ಬದಲಾವಣೆ ಶುರುವಾಗುತ್ತದೆ. ಮುಟ್ಟಿನ ವಿಷಯವನ್ನು ಹೋಗುವ ಮೊದಲೇ ಬಿಡಿಸಿ ಹೇಳಿ, ಬಟ್ಟೆಯ ಚೀಲದಲ್ಲಿ ಬೇಕಾದುದನ್ನು ಇಟ್ಟು ಕಳುಹಿಸಿ. ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದು ಮುಂದೂಡಿದರೆ ಆ ಹೊತ್ತಿಗೆ ಪಕ್ಕದಲ್ಲಿ ನೀವು ಇರುವುದಿಲ್ಲ.

ಹುಲಿಕಲ್ ತಪ್ಪಲಿನವ:

ಈಗ ನಾನೇ ಬರೆಯುತ್ತಿದ್ದೇನೆ. ಫೋನ್ ವಾಪಸು ಸಿಕ್ಕಿತು.

ಸದ್ಯಕ್ಕೆ ಹೀಗೆ ಮಾತಾಗಿದೆ. ಐದನೆಯ ತರಗತಿ ಊರಿನಲ್ಲೇ. ನವೋದಯಕ್ಕೆ ಅರ್ಜಿ ಹಾಕುತ್ತೇವೆ, ಸಿಕ್ಕಿದರೆ ಹೋಗುವುದೋ ಬಿಡುವುದೋ ಮಗಳನ್ನು ಕೇಳಿಯೇ ತೀರ್ಮಾನ. ಹಾಸ್ಟೆಲು ಎಂದಾಗ ಅವಳು ಕೇಳಿದ ಮೊದಲ ಪ್ರಶ್ನೆ ಅಲ್ಲಿ ನಾಯಿ ಇರುತ್ತದೆಯೇ ಎಂದು. ನನ್ನ ಹೆಂಡತಿ ಹೊಸನಗರದಲ್ಲಿ ಟ್ಯಾಲಿ ತರಗತಿಗೆ ಹೋಗುವುದೆಂದು ತಾನೇ ನಿರ್ಧರಿಸಿದ್ದಾಳೆ. ವಾರದಲ್ಲಿ ಮೂರು ದಿನ ಮಧ್ಯಾಹ್ನದ ಅಡುಗೆ ನನ್ನದು. ಅಪ್ಪ ಒಪ್ಪಿದ್ದಾರೆ, ಸಾರಿಗೆ ಹುಳಿ ಎಷ್ಟು ಎಂದು ಅಮ್ಮ ಕುರ್ಚಿಯಲ್ಲಿ ಕುಳಿತೇ ಹೇಳುತ್ತಾರಂತೆ. ಒಂದು ವೇಳೆ ಶಿವಮೊಗ್ಗಕ್ಕೆ ಹೋಗುವುದಾದರೆ ಮಗನ ಕಥೆ ಏನು ಎಂಬುದು ಬಗೆಹರಿದಿಲ್ಲ. ಅವನು ಅಜ್ಜಿಯನ್ನು ಬಿಟ್ಟು ಮಲಗುವುದಿಲ್ಲ.

ಮೇಷ್ಟ್ರೇ, ಒಂದು ಸಣ್ಣ ಸಂಶಯ. ಮಗಳ ಹೆಸರು ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಸಹಿತ ಇದೆ, ಆಧಾರ್‌ನಲ್ಲಿ ಇನಿಶಿಯಲ್ ಇಲ್ಲ. ಅರ್ಜಿಗೆ ತೊಂದರೆಯಾಗುತ್ತದೆಯೇ?

ನಿವೃತ್ತ ಮೇಷ್ಟ್ರು:

ಎರಡೂ ಒಂದೇ ರೀತಿ ಇರುವುದು ಒಳ್ಳೆಯದು. ಶಾಲೆಯ ದಾಖಲೆ ಮುಟ್ಟಬೇಡಿ, ಆಧಾರ್ ಅನ್ನೇ ತಿದ್ದಿಸಿ, ಈಗಲೇ. ಅರ್ಜಿ ಕರೆದ ಮೇಲೆ ಆಧಾರ್ ಕೇಂದ್ರದ ಮುಂದೆ ಸಾಲು ಬೆಳೆದಿರುತ್ತದೆ. ಅರ್ಜಿಯ ಜೊತೆ ಮುಖ್ಯ ಶಿಕ್ಷಕರ ಸಹಿ ಇರುವ ಪ್ರಮಾಣಪತ್ರ, ಮಗುವಿನ ಭಾವಚಿತ್ರ, ಮಗು ಮತ್ತು ತಂದೆ ಅಥವಾ ತಾಯಿಯ ಸಹಿ ಬೇಕಾಗುತ್ತದೆ. ನಿಮ್ಮ ಶಿಕ್ಷಕಿಗೆ ಈಗಲೇ ಒಂದು ಮಾತು ಹೇಳಿಡಿ.